ಗಣಪು ಮಾವ ಕಂಪ್ಯೂಟರಿಗೆ ಕೇಳಿದ ಪ್ರಶ್ನೆ

ನಮ್ಮಮ್ಮನ ಅಡುಗೆಮನೆಯಲ್ಲಿ ಗ್ರೈಂಡರಿನ ಒಂದು ಕಾಲು ಮೋಟು. ಆ ಮೋಟು ಕಾಲಿನ ಕೆಳಗೆ ಒಂದು ಕಪ್ಪು ಡಬ್ಬಿ ಇದೆ. ಮೊನ್ನೆ ಕಾರವಾರಕ್ಕೆ ಹೋದವಳು ಚೆಲ್ಲಿದ ಹಿಟ್ಟು ಒರೆಸಲು ಬಗ್ಗಿ ನೋಡಿದರೆ, ಅಯ್ಯೋ ದೇವರೇ, ಅದು ನನ್ನ ಮೋಡೆಮ್ಮು! ಫೋನಿನ ತಂತಿಯನ್ನು ಕಂಪ್ಯೂಟರಿಗೆ ಜೋಡಿಸುತ್ತಿದ್ದ ಪೆಟ್ಟಿಗೆ. ಒಂದು ಕಾಲದಲ್ಲಿ ಅದರ ಹಸಿರು ದೀಪ ಹತ್ತಲಿ ಎಂದು ನಾನು ಕಂಡ ಕಂಡ ದೇವರಿಗೆಲ್ಲ ಕೈ ಮುಗಿದಿದ್ದೇನೆ.

"ಅಮ್ಮಾ, ಇದು ಎಂಥ ಸಾಮಾನು ಅಂತ ಗೊತ್ತಿತ್ತಾ ನಿನಗೆ?" ಎಂದೆ.

"ಗೊತ್ತಿಲ್ದೇ ಎಂತ? ಗಟ್ಟಿ ಸಾಮಾನು. ಹತ್ತು ವರ್ಷದಿಂದ ಅಲ್ಲಾಡ್ಲಿಲ್ಲ ನೋಡು," ಎಂದಳು ಅಮ್ಮ.

ನನ್ನ ಪಿಎಚ್‌ಡಿಯ ಬಗ್ಗೆ ಇಷ್ಟು ಒಳ್ಳೆಯ ಮಾತನ್ನು ಅವಳು ಹಿಂದೆಂದೂ ಆಡಿದ ನೆನಪಿಲ್ಲ. ಡಬ್ಬಿಯನ್ನು ಇದ್ದಲ್ಲಿಯೇ ಬಿಟ್ಟೆ. ಬಿಟ್ಟರೂ ಅದು ನನ್ನನ್ನು ಬಿಡಲಿಲ್ಲ. ಆ ಡಬ್ಬಿಯ ಜೊತೆಗೆ ಗಣಪು ಮಾವ ನೆನಪಾದ.

ಗಣಪು ಮಾವ ನನ್ನ ಅಮ್ಮನ ಅಣ್ಣ. ಅಂಕೋಲೆಯ ಕಡೆ, ಗಂಗಾವಳಿ ಹೊಳೆ ಸಮುದ್ರ ಸೇರುವುದಕ್ಕೆ ಸ್ವಲ್ಪ ಮೊದಲು, ಅವನ ಊರು. ಅಲ್ಲಿಯ ಗದ್ದೆಗಳಿಗೆ ಗಜನಿ ಎನ್ನುತ್ತಾರೆ. ಅಲ್ಲಿಯವರು ಭರ್ತಿ ಎನ್ನುವ ಉಬ್ಬರ ಬಂದಾಗ ಹೊಳೆಯ ಉಪ್ಪುನೀರು ನುಗ್ಗುವಂಥ ತಗ್ಗು ನೆಲ. ಅದಕ್ಕೆ ಸುತ್ತ ಮಣ್ಣಿನ ಒಡ್ಡು, ಒಡ್ಡಿಗೆ ಒಂದು ಬಾಗಿಲು. ಬಾಗಿಲೆಂದರೆ ಒಂದರ ಮೇಲೊಂದು ಕೂರಿಸಿದ ಮರದ ಹಲಗೆಗಳು. ಮಳೆಗಾಲದಲ್ಲಿ ಇಳಿತದ ಹೊತ್ತಿಗೆ ಹಲಗೆ ಎತ್ತಿ ಒಳಗಿನ ಮಳೆನೀರನ್ನು ಹೊರಗೆ ಬಿಡಬೇಕು, ಉಬ್ಬರ ಶುರುವಾಗುವ ಮೊದಲು ಹಲಗೆ ಇಳಿಸಿ ಉಪ್ಪುನೀರನ್ನು ತಡೆಯಬೇಕು. ಈ ಕೆಲಸಕ್ಕೆ ಊರವರೆಲ್ಲ ಸೇರಿ ಒಬ್ಬನನ್ನು ನೇಮಿಸುತ್ತಾರೆ. ಅಜ್ಜನ ಕಾಲದಿಂದಲೂ ಅದು ನಮ್ಮ ಮಾವನ ಮನೆಯದು. ಊರಿನ ಅಷ್ಟೂ ಮನೆಗಳ ಅನ್ನ ಆ ಹಲಗೆಗಳ ಹಿಂದೆ ಇರುತ್ತದೆ. ಹಾಗಾಗಿ ಮಾವ ನಡೆಯುವುದೇ ಸ್ವಲ್ಪ ಎದೆ ಮುಂದೆ ಮಾಡಿ.

ಸಣ್ಣವಳಿದ್ದಾಗ ರಜೆ ಸಿಕ್ಕಿದರೆ ಸಾಕು, ನಾನು ಅಲ್ಲಿ ಹಾಜರು. ಒಡ್ಡಿನ ಮೇಲೆ ಬೋರಲು ಮಲಗಿ ಹಲಗೆಗೆ ಕಿವಿಯಿಟ್ಟರೆ ಆಚೆಕಡೆಯ ನೀರು ಗುಳುಗುಳು ಎನ್ನುವುದು ಕೇಳಿಸುತ್ತಿತ್ತು. ಹಲಗೆಗೆ ಪಾಚಿಯ ವಾಸನೆ. ಮನೆಗೆ ಬಂದಾಗ ಕಿವಿ ಹಸಿರಾಗಿ, ಅತ್ತೆಯಿಂದ ಬೈಸಿಕೊಳ್ಳುತ್ತಿದ್ದೆ.

"ಮಾವಾ, ಇಳಿತದಲ್ಲಿ ಇಷ್ಟೆಲ್ಲ ನೀರು ಎಲ್ಲಿಗೆ ಹೋಗುತ್ತದೆ?" ಎಂದು ಕೇಳಿದರೆ, "ನಿಮ್ಮ ಕಾರವಾರಕ್ಕೇ ಹೋಗ್ತದೆ ತಂಗಿ. ಅಲ್ಲಿ ಒಂದು ಸುತ್ತು ಹಾಕಿ ಊಟದ ಹೊತ್ತಿಗೆ ತಿರ್ಗಿ ಬರ್ತದೆ," ಎನ್ನುತ್ತಿದ್ದ. ನಾನು ನಂಬಿದ್ದೆ. ರಜೆ ಮುಗಿಸಿ ಬಂದು ಕಾರವಾರದ ದಂಡೆಯಲ್ಲಿ ನಿಂತು ಮಾವನ ನೀರು ಯಾವುದು ಎಂದು ಹುಡುಕಿದ್ದೂ ಉಂಟು. ನಗಬೇಡಿ. ಮುಂದೆ ದೊಡ್ಡ ವಿಶ್ವವಿದ್ಯಾಲಯಕ್ಕೆ ಹೋಗಿ ಅದನ್ನೇ ದೊಡ್ಡ ದೊಡ್ಡ ಶಬ್ದಗಳಲ್ಲಿ ಹುಡುಕಲು ಶುರು ಮಾಡಿದೆ. ಉಬ್ಬರದ ನೀರು ಗಜನಿಯೊಳಗೆ ಹೇಗೆ ಬರುತ್ತದೆ, ಹೇಗೆ ಹೋಗುತ್ತದೆ ಎಂಬುದೇ ನನ್ನ ಸಂಶೋಧನೆ.

ಅದಕ್ಕಾಗಿ ಒಂದು ಚೌತಿಗೆ ಊರಿಗೆ ಬಂದವಳು ಹದಿನೈದು ದಿನ ಮಾವನ ಮನೆಯಲ್ಲೇ ಉಳಿದೆ. ನೀರಿನ ಎತ್ತರ ಅಳೆಯುವ ಸಣ್ಣ ಉಪಕರಣವೊಂದನ್ನು ಬಾಗಿಲಿನ ಒಳಬದಿಯ ಕಂಬಕ್ಕೆ ಕಟ್ಟಿದೆ. ಅದು ಗಂಟೆ ಗಂಟೆಗೂ ಅಳೆದು ತನ್ನ ಹೊಟ್ಟೆಯಲ್ಲಿಟ್ಟುಕೊಳ್ಳುತ್ತಿತ್ತು. ನಾನೂ ಹೊಟ್ಟೆಗೆ ಏನೂ ಕಡಿಮೆ ಮಾಡಲಿಲ್ಲ. ಶ್ರಾವಣದಲ್ಲಿ ತಿಂಗಳಿಡೀ ಮೀನಿನ ವಾಸನೆ ಇಲ್ಲದೆ ಬಾಯಿ ಸತ್ತುಹೋಗಿರುತ್ತದಲ್ಲ? ಗಣಪತಿಯನ್ನು ಮುಳುಗಿಸಿದ ಮಾರನೇ ದಿನದಿಂದ ಅತ್ತೆ ಶೆಟ್ಲಿ ಸುಕ್ಕ, ಶೆಟ್ಲಿ ಸಾರು, ಶೆಟ್ಲಿ ಹುರಿದದ್ದು ಎಂದು ಸಾಲುಹಿಡಿದು ಬಡಿಸಿದಳು. ಸೀಗಡಿಗೆ ನಮ್ಮಲ್ಲಿ ಶೆಟ್ಲಿ ಎನ್ನುತ್ತಾರೆ; ಆ ಶಬ್ದದಲ್ಲೇ ಅರ್ಧ ರುಚಿ ಇದೆ. ಎಲ್ಲಿಂದ ಬಂತು ಎಂದು ನಾನು ಕೇಳಲಿಲ್ಲ. ಸಂಶೋಧಕಿ ಅಂತ ಹೆಸರು ಬೇರೆ!

ಅದಾಗಿ ಎರಡು ವರ್ಷವಾಗುತ್ತ ಬಂದಿತ್ತು. ಎರಡು ಸಾವಿರದ ಐದೋ ಆರೋ ಇರಬೇಕು. ನನಗೆ ಕಾಮಾಲೆ ಹಿಡಿಯಿತು. ಹಾಸ್ಟೆಲಿನವರು ಹಳದಿ ಕಣ್ಣು ನೋಡಿದ್ದೇ ಮನೆಗೆ ಕಳಿಸಿದರು. ಸರಿಯಾಗಿ ಅದೇ ತಿಂಗಳು ವಿಶ್ವವಿದ್ಯಾಲಯದ ಕ್ಲಸ್ಟರನ್ನು ಮುಚ್ಚುತ್ತೇವೆಂಬ ಸೂಚನೆಯೂ ಬಂತು. ಕ್ಲಸ್ಟರ್ ಎಂದರೆ ಒಂದು ತಣ್ಣನೆಯ ಕೋಣೆಯಲ್ಲಿ ಸಾಲಾಗಿ ಇಟ್ಟು ಒಂದಕ್ಕೊಂದು ಜೋಡಿಸಿದ ಮೂವತ್ತೆರಡು ಕಂಪ್ಯೂಟರುಗಳು. ಒಂದೇ ಕಂಪ್ಯೂಟರು ತಿಂಗಳುಗಟ್ಟಲೆ ಮಾಡುವ ಲೆಕ್ಕವನ್ನು ಅವು ಹಂಚಿಕೊಂಡು ಒಂದೆರಡು ದಿನದಲ್ಲಿ ಮುಗಿಸುತ್ತವೆ. ಹಳೆಯದಾಯಿತೆಂದು ಅದನ್ನು ಕಳಚಿ ಹೊಸದು ತರುವವರಿದ್ದರು. ಹೊಸದು ಯಾವಾಗ ಬರುತ್ತದೆಂದು ಯಾರಿಗೂ ಗೊತ್ತಿಲ್ಲ. ನನ್ನ ಕೊನೆಯ ಅಧ್ಯಾಯದ ಲೆಕ್ಕ ಇನ್ನೂ ಬಾಕಿ. ಹಾಗಾಗಿ ಕಾರವಾರದ ನಮ್ಮ ಮನೆಯ ಪಡಸಾಲೆಯಲ್ಲಿ, ಅಪ್ಪ ಕೊಂಡಿದ್ದ ಜೋಡಣೆ ಕಂಪ್ಯೂಟರಿಗೆ ಮೋಡೆಮ್ಮು ಹಾಕಿ, ಅಲ್ಲಿಂದಲೇ ಅಷ್ಟು ದೂರದ ಕ್ಲಸ್ಟರಿನೊಳಗೆ ಹೋಗಲು ನೋಡುತ್ತಿದ್ದೆ.

ಗಣಪು ಮಾವ ರೋಗಿಯನ್ನು ನೋಡಲು ಎಳನೀರಿನ ಚೀಲ ಹೊತ್ತು ಅಂಕೋಲೆ ಬಸ್ಸಿನಲ್ಲಿ ಬಂದ. ಬಸ್ಸು ಅಮದಳ್ಳಿಯಲ್ಲಿ ಅರ್ಧ ತಾಸು ಕೆಟ್ಟು ನಿಂತಿತ್ತೆಂದು ಬೈಯುತ್ತಲೇ ಒಳಗೆ ಬಂದ. ಬೇಸಿಗೆಯಾದ್ದರಿಂದ ಬಾಗಿಲ ಹತ್ತಿರ ಅವನಿಗೆ ಕೆಲಸವಿರಲಿಲ್ಲ. ಕುರ್ಚಿ ಎಳೆದುಕೊಂಡು ನನ್ನ ಪಕ್ಕ ಕೂತೇಬಿಟ್ಟ.

ಮೋಡೆಮ್ಮು ಕಿರಿಚಿತು, ಗೊರಗುಟ್ಟಿತು, ಆಮೇಲೆ ಸುಮ್ಮನಾಯಿತು. ಕಪ್ಪು ಕಿಟಕಿಯೊಂದು ತೆರೆದುಕೊಂಡಿತು. "ಈ ಯಂತ್ರದ ಗುರುತು ನನಗಿಲ್ಲ, ಆದರೂ ಮುಂದುವರಿಯಲೇ?" ಎಂದು ಇಂಗ್ಲಿಷಿನಲ್ಲಿ ಕೇಳಿತು. ಹೊಸ ಕಂಪ್ಯೂಟರಿನಿಂದ ಮೊದಲ ಸಲ ಹೋದರೆ ಹಾಗೆ ಕೇಳುತ್ತದೆ. ಮಾವನಿಗೆ ಅರ್ಥ ಹೇಳಿ, ಹೌದು ಎಂದು ಹೊಡೆದೆ.

"ಎಂಥಾ ಹುಡ್ಗಿಯೇ ನೀನು! ಗುರುತಿಲ್ದವರ ಮನಿಗೆ ಹೌದು ಅಂದ್ಕಂಡು ಹೊಕ್ಕೂದಾ?"

"ನನಗೆ ಗುರುತಿದೆ ಮಾವ. ಈ ಕಂಪ್ಯೂಟರಿಗೆ ಇಲ್ಲ."

"ಹಂಗಾರೆ ಅಡ್ಡಿಲ್ಲ."

ಗುಪ್ತಪದ ಹೊಡೆದೆ. ಪರದೆಯ ಮೇಲೆ ಒಂದು ಅಕ್ಷರವೂ ಮೂಡಲಿಲ್ಲ. ಮಾವ ಕನ್ನಡಕ ಏರಿಸಿ ಬಗ್ಗಿ ನೋಡಿದ. "ಬರೂದಿಲ್ಲಲ್ಲೇ. ಕೀಲಿ ಸತ್ತದೆ, ಗಟ್ಟಿಯಾಗಿ ಒತ್ತು." ಬೇರೆಯವರಿಗೆ ಕಾಣಬಾರದೆಂದು ಅದು ತೋರಿಸುವುದಿಲ್ಲ ಎಂದು ವಿವರಿಸಿದೆ. ಮಾವ ಬೇಜಾರಾಗಿ, "ಇಲ್ಲಿ ಬೇರೆಯವ್ರು ಯಾರಿದ್ದಾರೆ? ನಾನಲ್ವಾ ಇರೂದು?" ಎಂದ. ಅವನನ್ನು ಸಮಾಧಾನ ಮಾಡುವಷ್ಟರಲ್ಲಿ ಫೋನಿನ ಸಂಪರ್ಕ ಕಡಿದು, ಮೊದಲಿನಿಂದ ಎಲ್ಲ ಮಾಡಬೇಕಾಯಿತು.

ಒಳಗೆ ಹೋದ ಮೇಲೆ ಮಾವನ ಪ್ರಶ್ನೆಗಳು ಹೆಚ್ಚಾದವು. ನಾವು ಹೋಗಿ ಮುಟ್ಟುವುದು ಬರೀ ಬಾಗಿಲು ಕಾಯುವ ಮುಂದಿನ ಯಂತ್ರಕ್ಕೆ. ಅಲ್ಲಿ ಯಾವ ಲೆಕ್ಕ ಬೇಕೆಂದು ಚೀಟಿ ಬರೆದು ಕೊಟ್ಟು ಬರಬೇಕು, ಒಳಗಿನ ಯಂತ್ರಗಳು ಪಾಳಿ ಬಂದಾಗ ಕೆಲಸ ಎತ್ತಿಕೊಳ್ಳುತ್ತವೆ. ಮೊದಲ ವರ್ಷ ನನಗಿದು ತಿಳಿಯದೆ ಮುಂದಿನ ಯಂತ್ರದಲ್ಲೇ ಲೆಕ್ಕ ಶುರು ಮಾಡಿ ಇಡೀ ವಿಭಾಗದವರನ್ನು ಹೊರಗೆ ನಿಲ್ಲಿಸಿದ್ದೆ. ಅದರ ಉಸ್ತುವಾರಿಯವನು ಬರೆದ ಪತ್ರವನ್ನು ಇಲ್ಲಿ ಹೇಳುವ ಹಾಗಿಲ್ಲ. ಪಾಳಿಯಲ್ಲಿ ಯಾರ್ಯಾರಿದ್ದಾರೆಂದು ಮಾವನಿಗೆ ತೋರಿಸಿದೆ. ರಸಾಯನಶಾಸ್ತ್ರದವನೊಬ್ಬ ಹದಿನಾರು ಯಂತ್ರ ಹಿಡಿದುಕೊಂಡು ನಾಲ್ಕು ದಿನದಿಂದ ಕೂತಿದ್ದ. ಮಾವ ಅವನಿಗೆ 'ಹೊಟ್ಟೆಬಾಕ' ಎಂದು ಹೆಸರಿಟ್ಟ. ಆಮೇಲೆ ಚಹಾ ಕುಡಿಯುವಾಗಲೂ, "ಹೊಟ್ಟೆಬಾಕ ಎದ್ನಾ?" ಎಂದು ಕೇಳುತ್ತಿದ್ದ.

ಇಷ್ಟೆಲ್ಲ ಇದ್ದರೂ ನಾನು ಒಳಗೊಳಗೇ ಅಳುವ ಸ್ಥಿತಿಯಲ್ಲಿದ್ದೆ. ಕ್ಲಸ್ಟರು ಲೆಕ್ಕ ಹಾಕಿ ಹೇಳಿದ ನೀರಿಗೂ ನನ್ನ ಉಪಕರಣ ಅಳೆದ ನೀರಿಗೂ ತಾಳೆಯೇ ಇಲ್ಲ. ಬಾಗಿಲು ಮುಚ್ಚಿದ್ದಾಗ ಉಬ್ಬರದ ಹೊತ್ತಿಗೆ ಒಳಗಿನ ನೀರು ಅಲುಗಾಡಬಾರದು. ಉಪಕರಣದ ಪ್ರಕಾರ ಒಂಬತ್ತು ದಿನ ಅದು ಗೇಣುದ್ದ ಏರಿ ಇಳಿದಿತ್ತು. ನನ್ನ ಗುರುಗಳು, "ಉಪಕರಣ ಕೆಟ್ಟಿರಬೇಕು, ಆ ಅಧ್ಯಾಯ ಬಿಟ್ಟುಬಿಡು," ಎಂದು ಬರೆದಿದ್ದರು. ಎರಡು ವರ್ಷದ ಕೆಲಸ! ಬಿಡು ಎನ್ನುವುದು ಅವರಿಗೆ ಸುಲಭ. ನನಗೆ ಸಿಟ್ಟಿಗಿಂತ ಹೆಚ್ಚಾಗಿ ಕುತೂಹಲ. ಕೆಟ್ಟ ಉಪಕರಣ ಹೇಗೆ ಹೇಗೋ ಕೆಡಬೇಕಲ್ಲ? ಇದು ಅಚ್ಚುಕಟ್ಟಾಗಿ ಕೆಟ್ಟಿತ್ತು.

"ನೋಡು ಮಾವ," ಎಂದು ಪರದೆಯ ಮೇಲಿನ ಗೆರೆ ತೋರಿಸಿದೆ. "ಸಮುದ್ರದಲ್ಲಿ ಉಬ್ಬರ ದಿನಕ್ಕೆ ಎರಡು ಸಲ. ಒಡ್ಡು ಸೋರಿದ್ದರೆ ಒಳಗಿನ ನೀರೂ ಎರಡು ಸಲ ಏರಬೇಕಿತ್ತು. ಇದು ಹಗಲಿನ ಉಬ್ಬರಕ್ಕೆ ಮಾತ್ರ ಏರಿದೆ, ದಿನಕ್ಕೆ ಒಂದೇ ಸಲ."

ಮಾವ ಕನ್ನಡಕ ತೆಗೆದು ಪಂಚೆಯ ತುದಿಯಿಂದ ಒರೆಸತೊಡಗಿದ. ನಾನು ಹೊಸದೊಂದು ಲೆಕ್ಕದ ಚೀಟಿ ಕಳಿಸಿ, ಸಂಪರ್ಕ ಕಡಿದು, ಮೋಡೆಮ್ಮಿನ ದೀಪ ಆರಿಸಿದೆ.

"ಮುಗೀತಾ?"

"ಇಲ್ಲ ಮಾವ. ನಾವು ಬಿಟ್ಟು ಬಂದರೂ ಅದು ಅಲ್ಲಿ ಮಾಡುತ್ತಾ ಇರುತ್ತದೆ. ನಾಳೆ ಹೋಗಿ ಉತ್ತರ ತರುವುದು."

"ಯಾರೂ ನೋಡ್ದೇ ಇದ್ರೂ? ಹೇಳ್ದಷ್ಟೇ ಮಾಡ್ತದ್ಯಾ? ಒಂಚೂರೂ ಆಚೀಚೆ ಮಾಡೂದಿಲ್ವಾ?"

"ಅದಕ್ಕೆ ಹಾಗೆಲ್ಲ ಬರುವುದಿಲ್ಲ."

ಮಾವ ಎಳನೀರು ಕೆತ್ತಿ ಗ್ಲಾಸಿಗೆ ಬಗ್ಗಿಸಿ ಕೊಟ್ಟ. ನಾನು ಕುಡಿದು ಗ್ಲಾಸು ಕೆಳಗಿಡುವಷ್ಟರಲ್ಲಿ ಅವನು ಬಾಯಿ ಬಿಟ್ಟ.

"ತಂಗಿ, ನಿನ್ನ ಉಪಕರಣ ಕೆಡ್ಲಿಲ್ಲ. ಕೆಟ್ಟವ ನಾನು. ನೀ ಬಂದಿದ್ದಿ. ಬಾಯಿ ಸತ್ತೋಗದೆ ಮಾವಾ, ಶೆಟ್ಲಿ ಬೇಕು ಅಂದಿ. ಆ ತಿಂಗಳು ಪೇಟಿಲಿ ಎಲ್ಲಿ ಸಿಕ್ತದೆ? ಹಗಲು ಭರ್ತಿ ಬರೂವಾಗ ಕೆಳಗಿನ ಹಲಗಿ ಒಂದು ಗೇಣು ಎತ್ತಿಟ್ಟೆ. ನೀರು ಒಳಗೆ ಬಂತು, ಜತಿಗೆ ಶೆಟ್ಲಿಯೂ ಬಂತು. ಇಳಿತಕ್ಕೆ ಬಲೆ ಹಿಡ್ದೆ. ಒಂದು ದಿವ್ಸ ಅಂದ್ಕಂಡಿದ್ದೆ. ಒಂಬತ್ತು ದಿವ್ಸ ಆಯ್ತು."

ನನಗೆ ಮೊದಲು ಬಂದದ್ದು ನಗು, ಇದ್ದದ್ದು ಇದ್ದ ಹಾಗೆ ಹೇಳುತ್ತೇನೆ. ಎರಡು ವರ್ಷ ನಾನು ಹುಡುಕಿದ ತಪ್ಪನ್ನು ಒಂಬತ್ತು ದಿನ ನಾನೇ ಅನ್ನದ ಜೊತೆ ಕಲಸಿ ತಿಂದಿದ್ದೆ! ನಗುತ್ತ ಮಾವನ ಮುಖ ನೋಡಿದೆ. ಅವನು ನಗುತ್ತಿರಲಿಲ್ಲ.

"ಆ ವರ್ಷ ಹೊನ್ನಕ್ಕನ ಮೂಲೆ ಗದ್ದೆ ಪೂರ್ತಿ ಜೊಳ್ಳಾಯ್ತು," ಎಂದ.

ಹೊನ್ನಕ್ಕ ಮಾವನ ನೆರೆಮನೆಯವಳು. ಗಂಡ ತೀರಿಕೊಂಡ ಮೇಲೆ ಒಬ್ಬಳೇ ಗದ್ದೆ ಮಾಡಿಕೊಂಡಿದ್ದಳು. ಗಜನಿಯ ಅತಿ ತಗ್ಗಿನ ಮೂಲೆ ಅವಳದು. ಗಜನಿಯಲ್ಲಿ ಬೆಳೆಯುವ ಕಗ್ಗ ಎಂಬ ಭತ್ತ ಉಪ್ಪನ್ನು ತಡೆದುಕೊಳ್ಳುತ್ತದೆ ನಿಜ, ಆದರೆ ಅದಕ್ಕೂ ಒಂದು ಮಿತಿ ಇದೆ. ಹೂ ಬಿಡುವ ಹೊತ್ತಿನಲ್ಲಿ ಉಪ್ಪು ಹೆಚ್ಚಾದರೆ ತೆನೆ ನಿಂತಿರುತ್ತದೆ, ಒಳಗೆ ಕಾಳು ಇರುವುದಿಲ್ಲ. ಅವಳ ಅತ್ತೆಯ ಕಾಲದಿಂದ ಇಟ್ಟುಕೊಂಡು ಬಂದಿದ್ದ ಬೀಜದ ಭತ್ತವೂ ಆ ವರ್ಷ ಉಳಿಯಲಿಲ್ಲ. ಆ ಚೌತಿಯಲ್ಲಿ ಉಪ್ಪು ತೊಳೆಯುವ ಮಳೆಯೂ ಬಿಟ್ಟಿತ್ತು. ಮಳೆ ಬಿಟ್ಟದ್ದಕ್ಕೇ ಹಾಗಾಯಿತು ಎಂದು ಊರವರು ಮಾತಾಡಿಕೊಂಡರಂತೆ. ಮಾವನೂ ಹೌದು ಹೌದು ಎಂದು ತಲೆಯಾಡಿಸಿದನಂತೆ.

"ಮಳೆಯೋ ನಾನೋ ಗೊತ್ತಿಲ್ಲ. ಎರಡು ವರ್ಷದಿಂದ ಅವ್ಳ ಮುಂದೆ ಹೋಗೂಕೆ ಆಗ್ತಿಲ್ಲ ನಂಗೆ. ನಿನ್ನ ಮೆಶಿನು ಆಚೀಚೆ ಮಾಡೂದಿಲ್ಲ ಅಂದ್ಯಲ್ಲ? ಅದ್ನ ಕೇಳು. ನಾನಾ ಅಂತ ಕೇಳು."

ಕೇಳಬಹುದಿತ್ತು. ನನ್ನ ಲೆಕ್ಕಕ್ಕೆ ಉಪ್ಪನ್ನು ಸೇರಿಸಿದರೆ ಯಾವ ಗದ್ದೆಯಲ್ಲಿ ಯಾವ ದಿನ ಎಷ್ಟು ಉಪ್ಪು ಎಂದು ಅದು ಹೇಳುತ್ತದೆ. ಎರಡು ಚೀಟಿ ಬರೆದೆ. ಒಂದರಲ್ಲಿ ಹಲಗೆ ಪೂರ್ತಿ ಮುಚ್ಚಿದ್ದು, ಇನ್ನೊಂದರಲ್ಲಿ ಒಂಬತ್ತು ದಿನ ಹಗಲಿನ ಉಬ್ಬರಕ್ಕೆ ಗೇಣು ಎತ್ತಿದ್ದು. ಮಳೆ ಎರಡರಲ್ಲೂ ಒಂದೇ. ಆವತ್ತು ಬುಧವಾರ. ಶನಿವಾರ ಸಂಜೆ ಕ್ಲಸ್ಟರು ಬಂದ್. ಮಧ್ಯದಲ್ಲಿ ಹೊಟ್ಟೆಬಾಕ.

ಮಾವ ಊರಿಗೆ ಹೋಗಲಿಲ್ಲ. ನಮ್ಮ ಮನೆಯಲ್ಲಿ ಒಂದು ದಿನಕ್ಕಿಂತ ಹೆಚ್ಚು ನಿಂತವನೇ ಅಲ್ಲ ಅವನು. ಅಮ್ಮನಿಗೆ ಆಶ್ಚರ್ಯವೋ ಆಶ್ಚರ್ಯ. ನನಗೆ ಎಣ್ಣೆಯಿಲ್ಲದ ಗಂಜಿ, ಅವನಿಗೆ ಬಾಂಗಡೆ ಸಾರು. ಬಾಂಗಡೆಯನ್ನು ಅವನು ತಟ್ಟೆಯ ಅಂಚಿಗೆ ಸರಿಸಿಟ್ಟು ಬರೀ ಅನ್ನ ತಿಂದು ಎದ್ದ. ಗುರುವಾರವೂ ಪಾಳಿ ಮುಂದೆ ಸರಿಯಲಿಲ್ಲ. ಶುಕ್ರವಾರ ಬೆಳಿಗ್ಗೆ ಸಂಪರ್ಕ ಸಿಕ್ಕಾಗ ಹೊಟ್ಟೆಬಾಕ ಎದ್ದುಹೋಗಿದ್ದ, ನಮ್ಮ ಎರಡೂ ಚೀಟಿಗಳು ಒಳಗೆ ಹೋಗಿದ್ದವು. "ನಡೀತಾ ಅದ್ಯಾ?" ಎಂದು ಮಾವ ಪಿಸುಮಾತಿನಲ್ಲಿ ಕೇಳಿದ. ಪಕ್ಕದ ಕೋಣೆಯಲ್ಲಿ ಯಾರೋ ಮಲಗಿದ್ದಾರೆ ಎನ್ನುವ ಹಾಗೆ.

ಶನಿವಾರ ಮಧ್ಯಾಹ್ನ ಉತ್ತರ ಬಂತು. ಎರಡು ಉದ್ದನೆಯ ಅಂಕಿಪಟ್ಟಿಗಳು. ಮೂಲೆಗದ್ದೆಯ ಸಾಲನ್ನು ಹುಡುಕಿದೆ. ಹಲಗೆ ಮುಚ್ಚಿದ್ದ ಪಟ್ಟಿಯಲ್ಲಿ ಉಪ್ಪು ಕಗ್ಗದ ಮಿತಿಯ ಕೆಳಗೇ ಇತ್ತು, ಮಳೆ ಬಿಟ್ಟಿದ್ದರೂ. ಎತ್ತಿದ್ದ ಪಟ್ಟಿಯಲ್ಲಿ ನಾಲ್ಕನೇ ದಿನಕ್ಕೆ ಮಿತಿ ದಾಟಿತ್ತು. ಆಮೇಲೆ ಇಳಿಯಲೇ ಇಲ್ಲ.

ಮಾವನಿಗೆ ಅಂಕಿ ಓದಲು ಬರುತ್ತದೆ, ಆದರೆ ಯಾವ ಸಾಲು ಯಾವುದೆಂದು ತಿಳಿಯುವುದಿಲ್ಲ. ಒಂದು ಸುಳ್ಳು ಹೇಳಿದ್ದರೆ ಮುಗಿದುಹೋಗುತ್ತಿತ್ತು. ಸಂಜೆಗೆ ಆ ಯಂತ್ರವೇ ಇರುವುದಿಲ್ಲ, ಕೇಳುವವರು ಯಾರು? ಬಾಯಿಯ ತುದಿಗೆ ಬಂದಿತ್ತು, "ಮಳೆ ಮಾವ, ಬರೀ ಮಳೆ," ಎಂದು. ಅವನ ಮೇಲೆ ನನಗೆ ಅಷ್ಟು ಪ್ರೀತಿ ಇತ್ತು. ನನ್ನ ಮೇಲೂ ಇತ್ತು ಅನ್ನಿ. ಆ ಶೆಟ್ಲಿ ಬೇಕೆಂದವಳು ನಾನಲ್ಲವೇ? ಆದರೆ ಮಾವ ಪರದೆ ನೋಡುತ್ತಿರಲಿಲ್ಲ. ನನ್ನ ಮುಖವನ್ನೇ ನೋಡುತ್ತಿದ್ದ.

"ನಾನೇ ಅಲ್ವಾ?"

"ಹೌದು ಮಾವ."

"ಸರಿ," ಎಂದ. ಎದ್ದು ಹೋಗಿ ಬಚ್ಚಲಲ್ಲಿ ಬಹಳ ಹೊತ್ತು ಮುಖ ತೊಳೆದ. ಬಂದು, "ನಾಳೆ ಹೊನ್ನಕ್ಕನ ಮನಿಗೆ ಹೋಗ್ತೆ. ನೀನೂ ಬಾ. ಒಬ್ಬನಿಗೇ ಆಗೂದಿಲ್ಲ," ಎಂದ. ಅಮ್ಮ ಕಾಮಾಲೆ, ಬಿಸಿಲು ಎಂದು ಏನೇನೋ ಕೂಗಾಡಿದಳು. ನಾನು ಹೊರಟೆ. ಗುರುಗಳಿಗೆ ಮಾತ್ರ ಅವತ್ತೇ ಬರೆದೆ, ಉಪಕರಣ ಸರಿಯಾಗಿಯೇ ಇತ್ತು, ಒಂಬತ್ತು ದಿನ ಹಲಗೆ ಗೇಣು ತೆರೆದಿತ್ತು ಎಂದು. ಯಾರು ತೆರೆದರು ಎಂದು ಅವರು ಕೇಳಲಿಲ್ಲ, ಅಧ್ಯಾಯ ಉಳಿಯಿತು.

ಮಾರನೇ ದಿನ ಹೋದಾಗ ಹೊನ್ನಕ್ಕ ಜಗಲಿಯಲ್ಲಿ ಕೂತು ಹುಣಸೆಹಣ್ಣಿನ ಬೀಜ ತೆಗೆಯುತ್ತಿದ್ದಳು. ಮಾವ ಮೆಟ್ಟಿಲು ಹತ್ತಲಿಲ್ಲ. ಅಂಗಳದಲ್ಲೇ ನಿಂತು ಒಂದೇ ಉಸಿರಿಗೆ ಎಲ್ಲ ಹೇಳಿದ. ಹಲಗೆ, ಗೇಣು, ಒಂಬತ್ತು ದಿನ, ಮೂವತ್ತೆರಡು ಕಂಪ್ಯೂಟರು, ನಾಲ್ಕನೇ ದಿನ. ಕೊನೆಗೆ, "ಬಾಗಲ ಕೆಲಸ ಬೇರೆಯವ್ರಿಗೆ ಕೊಟ್ಬಿಡಿ ಅಂತ ಊರವ್ರಿಗೆ ಹೇಳ್ತೆ," ಎಂದ.

ಹೊನ್ನಕ್ಕ ಹುಣಸೆ ಬಿಡಿಸುವುದನ್ನು ನಿಲ್ಲಿಸಲಿಲ್ಲ.

"ಚೌತಿ ಆದ್ಮೇಲೆ ಒಂದು ಬಟ್ಲು ಶೆಟ್ಲಿ ನಮ್ಮನಿಗೂ ತಂದು ಕೊಟ್ಟವ ಯಾರು? ನೀನೇ ಅಲ್ವನಾ? ಬಾಗಲು ಮುಚ್ಚಿದ ತಿಂಗಳಲ್ಲಿ ಶೆಟ್ಲಿ ಎಲ್ಲಿಂದ ಬರ್ತದೆ ಅಂತ ನಂಗೆ ತಿಳೀದಿಲ್ವಾ ಗಣಪಣ್ಣ?"

ಏನು ಬಂದರೂ ನೆರೆಮನೆಗೆ ಒಂದು ಬಟ್ಟಲು ಕೊಡದೆ ತಾವು ತಿನ್ನುವ ಅಭ್ಯಾಸ ಆ ಊರಿನಲ್ಲಿ ಇಲ್ಲ. ಕದ್ದು ಹಿಡಿದದ್ದನ್ನೂ ಮಾವ ಹಾಗೆಯೇ ಹಂಚಿದ್ದ.

"ಮತ್ತೆ ಯಾಕೆ ಒಂದು ಮಾತು ಹೇಳ್ಲಿಲ್ಲ ನೀನು?" ಎಂದ ಮಾವ.

"ನಾನೂ ತಿಂದೆ, ಎಂತ ಹೇಳೂದು? ಸಿಟ್ಟಿತ್ತು. ಈಗ್ಲೂ ಅದೆ. ಬಿತ್ತೂಕೆ ಒಂದು ಹಿಡಿ ಭತ್ತ ಉಳೀಲಿಲ್ಲ ನಂಗೆ. ನೀನಾಗೇ ಬಂದು ಹೇಳ್ತ್ಯೇನೋ ಅಂತ ಕಾಯ್ತಿದ್ದೆ. ಎರಡು ವರ್ಷ ಮಾಡ್ದಿ ನೀನು." ಕೈ ಒರೆಸಿಕೊಂಡು ಈಗ ತಲೆಯೆತ್ತಿದಳು. "ಬಾಗಲು ಬಿಟ್ಟು ಓಡೂದು ಬೇಡ. ಬಿಟ್ಟು ಹೋದವ ಮತ್ತೆ ಯಾರಿಗೆ ಉತ್ರ ಹೇಳ್ತ? ನೀನೇ ನೋಡು ಬಾಗ್ಲು. ನಾನು ನಿನ್ನ ನೋಡ್ತೆ."

ಆಮೇಲೆ ನನ್ನ ಕಡೆ ತಿರುಗಿದಳು. ಹಳದಿ ಕಣ್ಣು ನೋಡಿ ಒಂದು ಗಳಿಗೆ ಮೆತ್ತಗಾದಳು, ಮತ್ತೆ ಗಟ್ಟಿಯಾದಳು.

"ನೀನು ಕಲ್ತವ್ಳು. ಅಷ್ಟು ದೂರದ ಮೆಶಿನಿಗೆ ಕೇಳ್ದಿ. ಆ ಹದಿನೈದು ದಿವ್ಸ ನನ್ನ ಅಂಗಳ ದಾಟೇ ಒಡ್ಡಿಗೆ ಹೋಗ್ತಿದ್ದಿ. ನನ್ನ ಹತ್ರ ಒಂದು ಮಾತು ಕೇಳ್ಬೇಕು ಅಂತ ಕಾಣ್ಲಿಲ್ವಾ ನಿಂಗೆ?"

ಇಲ್ಲ, ಕಂಡಿರಲಿಲ್ಲ. ಇಷ್ಟು ನಾಚಿಕೆ ನನಗೆ ಹಿಂದೆ ಆಗಿರಲಿಲ್ಲ, ಮುಂದೆಯೂ ಆಗಿಲ್ಲ. ಜಗಲಿಯ ಅಂಚಿಗೆ ಕೂತು, ಚೀಲದಿಂದ ನೋಟುಬುಕ್ಕು ತೆಗೆದು, "ಈಗ ಕೇಳುತ್ತೇನೆ ಹೊನ್ನಕ್ಕ. ಏನೇನಾಯಿತು?" ಎಂದೆ.

ಅವಳು ಹೇಳತೊಡಗಿದಳು. ಎರಡನೇ ದಿವ್ಸ ಕಪ್ಪೆ ಕೂಗೂದು ನಿಂತಿತು. ನಾಲ್ಕನೇ ದಿವ್ಸ ಎಲೆಯ ತುದಿ ಮುಟ್ಟಿದರೆ ಒರಟು. ಆರನೇ ದಿವ್ಸ ಹೂವು ಕೆಳಗೆ ನೀರಿನ ಮೇಲೆ ಬಿತ್ತು, ಅವಳು ಸೀರೆ ಎತ್ತಿ ಕಟ್ಟಿ ಇಳಿದು ಬೊಗಸೆಯಲ್ಲಿ ಎತ್ತಿ ನೋಡಿದಳು, ಅವತ್ತೇ ಗೊತ್ತಾಯಿತು. ನಾನು ಬರೆಯುತ್ತ ಹೋದೆ. ಮಾವ ಎದ್ದು ಹೋಗುತ್ತಾನೆ ಅಂದುಕೊಂಡಿದ್ದೆ. ಅವನು ಮೆಟ್ಟಿಲು ಹತ್ತಿ ಬಂದು, ಅವಳ ಎದುರು ನೆಲದ ಮೇಲೆ ಕೂತು, ಒಂಬತ್ತೂ ದಿವಸದ್ದನ್ನು ಕೊನೆಯವರೆಗೆ ಕೇಳಿದ.